ಎಂಜೆಡ್ 125 ರೇಸ್ ಎಂಜಿನ್: ಕಾರ್ಬೊರೇಟರ್ ಪಕ್ಕದಲ್ಲಿ ಯಾಕೆ, ಸೈಲೆನ್ಸರ್ ಹೊಟ್ಟೆ ಅಷ್ಟು ದಪ್ಪ ಯಾಕೆ?

ಕೆಮ್ನಿಟ್ಸ್_ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮೂರು ದಾವಣಗೆರೆ. ಈಗ ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಇಲ್ಲಿಗೆ ಹತ್ತಿರದಲ್ಲೇ ಆಗಸ್ಟಸ್‌ಬುರ್ಗ್ ಅಂತ ಗುಡ್ಡದ ಮೇಲೊಂದು ಹಳೇ ಅರಮನೆ ಇದೆ. ಒಳಗೆ ಮೋಟಾರ್‌ಸೈಕಲ್ ಮ್ಯೂಸಿಯಂ. ಭಾನುವಾರ ಬೇರೆ ಕೆಲಸ ಇರಲಿಲ್ಲ ಅಂತ ಹೋದೆ. ಬಾಗಿಲು ಹಾಕೋ ಹೊತ್ತಿಗೆ ಅವರೇ ಬಂದು ಹೊರಗೆ ಕಳಿಸಿದರು.

ಅಲ್ಲಿ ಎಂಜೆಡ್ ಕಂಪನಿಯ ಹಳೇ ರೇಸ್ ಗಾಡಿಗಳಿವೆ. 1960ರ ಆಸುಪಾಸಿನವು. ಒಂದೇ ಸಿಲಿಂಡರ್, 125 ಸಿಸಿ, ಟೂ ಸ್ಟ್ರೋಕ್. ನೋಡೋಕೆ ಬಡಕಲು ಗಾಡಿ. ಆದರೆ 1961ರಲ್ಲೇ ಇದು 25 ಎಚ್‌ಪಿ ಕೊಡುತ್ತಿತ್ತಂತೆ. ಲೀಟರಿಗೆ ಲೆಕ್ಕ ಹಾಕಿದರೆ 200 ಎಚ್‌ಪಿ. ನಮ್ಮ ಅಪ್ಪನ ಹತ್ತಿರ ಇರೋ ಜಾವಾ 250, ಅದೂ ಟೂ ಸ್ಟ್ರೋಕೇ, ಕೊಡೋದು 12 ಎಚ್‌ಪಿ. ಅರ್ಧ ಸೈಜಿನ ಎಂಜಿನ್ನಿಂದ ಎರಡು ಪಟ್ಟು ಪವರ್ ಹೇಗೆ ಬಂತು ಅನ್ನೋದೇ ನನ್ನ ಪ್ರಶ್ನೆ. ಟೂ ಸ್ಟ್ರೋಕಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಮುಟ್ಟೋದಕ್ಕೆ ಅಂತ ಅಲ್ಲಿ ಏನಿದೆ?

ಕಣ್ಣಿಗೆ ಬಿದ್ದದ್ದು ಎರಡು ವಿಷಯ. ಕಾರ್ಬೊರೇಟರ್ ಸಿಲಿಂಡರಿನ ಹಿಂದೆ ಇಲ್ಲ. ಕೆಳಗೆ, ಕ್ರ್ಯಾಂಕ್ ಸುತ್ತೋ ಪೆಟ್ಟಿಗೆ (ಕ್ರ್ಯಾಂಕ್‌ಕೇಸ್) ಪಕ್ಕಕ್ಕೆ ಅಂಟಿಕೊಂಡಿದೆ. ಸೈಲೆನ್ಸರ್ ಬುಡದಲ್ಲಿ ಸಣ್ಣ, ಬರ್ತಾ ಬರ್ತಾ ದಪ್ಪ, ಆಮೇಲೆ ಮತ್ತೆ ಸಣ್ಣ, ಕೊನೆಗೆ ಒಂದು ಪುಟ್ಟ ಕೊಳವೆ. ಇದರ ಹಿಂದಿನ ತರ್ಕ ಯಾರಾದರೂ ಬಿಡಿಸಿ ಹೇಳ್ತೀರಾ? ನನ್ನದು ಕಂಪ್ಯೂಟರ್ ಸೈನ್ಸ್, ಮೆಕ್ಯಾನಿಕಲ್ ಅಲ್ಲ. ಹಾಗಾಗಿ ಸ್ವಲ್ಪ ಇಳಿದು ಹೇಳಿ.

ಆರ್‌ಎಕ್ಸ್_ಹಾಸನ

ಗುರು, ಅದು ಎಕ್ಸ್‌ಪಾನ್ಷನ್ ಚೇಂಬರ್. ನನ್ನ ಆರ್‌ಎಕ್ಸ್ 100ಗೂ ಒಂದು ಹಾಕಿಸಬೇಕು ಅಂತ ತುಂಬಾ ದಿನದಿಂದ ಆಸೆ. ನಾನು ಕೇಳಿರೋ ಪ್ರಕಾರ ಅದನ್ನ ಕಂಡುಹಿಡಿದವನು ಹಿಟ್ಲರನ ವಿ-1 ಬಾಂಬ್ ಮಾಡಿದ ಇಂಜಿನಿಯರ್. ಆ ಬಾಂಬಿನ ಎಂಜಿನ್ ಪಟಪಟ ಅಂತ ಬಡಿಯೋದನ್ನ ನೋಡಿ ಅದನ್ನೇ ಬೈಕಿಗೆ ಹಾಕಿದನಂತೆ. ವಾಟ್ಸಾಪಲ್ಲಿ ವಿಡಿಯೋ ಬಂದಿತ್ತು.

ಜೊತೆಗೆ ನನ್ನದೂ ಒಂದು ಪ್ರಶ್ನೆ ಸೇರಿಸಿಕೊಳ್ಳಿ. ನಮ್ಮ ಮೆಕ್ಯಾನಿಕ್ ಸೈಲೆನ್ಸರ್ ಒಳಗಿನ ಬ್ಯಾಫಲ್ ತೆಗೆದುಬಿಡು, ಹೊಗೆ ಸಲೀಸಾಗಿ ಹೋಗುತ್ತೆ, ಪಿಕಪ್ ಜಾಸ್ತಿ ಆಗುತ್ತೆ ಅಂತಾನೆ. ಹೌದಾ?

ಬೋರಿಂಗ್_ಅಂಗಡಿ_ಮೈಸೂರು

ಕೆಮ್ನಿಟ್ಸ್ ತಮ್ಮಾ, ಒಳ್ಳೇ ಜಾಗದಲ್ಲಿದ್ದೀಯ. ಈ ಎಂಜಿನ್ ಹುಟ್ಟಿದ ಚೋಪಾವ್ ಊರು ನಿನಗೆ ಒಂದು ಬಸ್ಸಿನ ದೂರ. ನನಗೆ ಅಷ್ಟು ದೂರ ಬರೋ ಯೋಗ ಇಲ್ಲ. ನನ್ನ ಕೆಲಸ ಮೈಸೂರಲ್ಲಿ ಬ್ಲಾಕ್ ಬೋರ್ ಮಾಡೋದು. ಜಾವಾ, ಯೆಜ್ಡಿ, ಆರ್‌ಎಕ್ಸ್, ಅಪರೂಪಕ್ಕೊಂದು ಆರ್‌ಡಿ 350. ಇಡೀ ಜೀವನ ಟೂ ಸ್ಟ್ರೋಕ್ ಪೋರ್ಟುಗಳ ಒಳಗೆ ಬೆರಳು ಹಾಕಿಕೊಂಡೇ ಕಳೆದಿದ್ದೇನೆ. ಹಾಗಾಗಿ ಈ ವಿಷಯ ಬಂದರೆ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಹಾಸನದವರ ವಾಟ್ಸಾಪ್ ಬಾಂಬ್ ಇಳಿಸೋಣ. ಆ ಇಂಜಿನಿಯರ್ ಹೆಸರು ವಾಲ್ಟರ್ ಕಾಡೆನ್. 1919ರಲ್ಲಿ ಅದೇ ಸಾಕ್ಸನಿ ಸೀಮೆಯ ಪೋಬರ್ಶಾವ್‌ನಲ್ಲಿ ಹುಟ್ಟಿದವನು. ಯುದ್ಧದ ಕಾಲದಲ್ಲಿ ಅವನು ಹೆನ್ಶೆಲ್ ಕಂಪನಿಯಲ್ಲಿದ್ದದ್ದು ನಿಜ. ಆದರೆ ಅವನು ಕೆಲಸ ಮಾಡಿದ್ದು ಎಚ್‌ಎಸ್ 293 ಅನ್ನೋ ರೇಡಿಯೋ ಕಂಟ್ರೋಲ್ ಬಾಂಬಿನ ಮೇಲೆ. ಅದಕ್ಕೆ ಇದ್ದದ್ದು ರಾಕೆಟ್ ಎಂಜಿನ್. ಪಟಪಟ ಬಡಿಯೋ ವಿ-1 ಬೇರೆ, ಇದು ಬೇರೆ. ಯುದ್ಧ ಮುಗಿದ ಮೇಲೆ ಊರಿಗೆ ಬಂದು ಮರದ ವ್ಯಾಪಾರ ಮಾಡಿದ. ಮನೆ ಸೂರಿನ ತೊಲೆ ಕೆಲಸ. ಬಿಡುವಿನಲ್ಲಿ ಹಳೇ ಡಿಕೆಡಬ್ಲ್ಯೂ ಆರ್‌ಟಿ 125 ಗಾಡಿ ಬಿಚ್ಚಿ ರೇಸಿಗೆ ತಯಾರು ಮಾಡುತ್ತಿದ್ದ. ಆ ಗಾಡಿಗಳು ಓಡಿದ ರೀತಿ ನೋಡಿ 1953ರಲ್ಲಿ ಕಾರ್ಖಾನೆಯವರೇ ಕರೆದು ರೇಸ್ ವಿಭಾಗ ಅವನ ಕೈಗೆ ಕೊಟ್ಟರು. ಬಾಂಬಿಗಿಂತ ಈ ಕಥೆಯೇ ನನಗೆ ಇಷ್ಟ.

ಚೋಪಾವ್ ಕಾರ್ಖಾನೆ ಮೊದಲು ಡಿಕೆಡಬ್ಲ್ಯೂದು, ಯುದ್ಧ ಮುಗಿದ ಮೇಲೆ ಅದೇ ಎಂಜೆಡ್ ಆಯಿತು. ಯುದ್ಧಕ್ಕೆ ಮುಂಚೆ ಅವರ ರೇಸ್ ಗಾಡಿಗಳಿಗೆ ಒಂದು ಹೆಚ್ಚುವರಿ ಪಿಸ್ಟನ್ ಇರುತ್ತಿತ್ತು. ಅದಕ್ಕೆ ಕಿಡಿ ಇಲ್ಲ, ಬರೀ ಗಾಳಿ ಪೆಟ್ರೋಲ್ ಒತ್ತಿ ತುಂಬೋ ಪಂಪ್ ಕೆಲಸ. ಅಂಥದ್ದರಲ್ಲೇ ಎವಾಲ್ಡ್ ಕ್ಲೂಗೆ 1938ರಲ್ಲಿ ಬ್ರಿಟನ್ ಹತ್ತಿರದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನಡೆಯೋ ಹೆಸರಾಂತ ಟಿಟಿ ರೇಸಿನ ಲೈಟ್‌ವೇಟ್ ಕ್ಲಾಸ್ ಗೆದ್ದ. 1946ರಲ್ಲಿ ಹಾಗೆ ಒತ್ತಿ ತುಂಬೋದಕ್ಕೆಲ್ಲ ನಿಷೇಧ ಬಂತು. ಟೂ ಸ್ಟ್ರೋಕ್ ರೇಸಿನ ಕಥೆ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು. ಪಂಪ್ ಇಲ್ಲದೆ ಪಂಪಿನ ಕೆಲಸ ಮಾಡಿಸಬೇಕು, ಕಾಡೆನ್ ಮುಂದೆ ಇದ್ದದ್ದು ಇಷ್ಟೇ ಸವಾಲು. ನೀನು ನೋಡಿದ ಹೊಟ್ಟೆ ದಪ್ಪ ಕೊಳವೆಯೇ ಅವನ ಪಂಪ್.

ಈಗ ನಿನ್ನ ಮೊದಲ ಪ್ರಶ್ನೆ, ಪಕ್ಕದ ಕಾರ್ಬೊರೇಟರ್.

ಅಪ್ಪನ ಜಾವಾದಲ್ಲಿ ಒಳಗೆ ಬರೋ ದಾರಿ ತೆರೆಯೋದು, ಮುಚ್ಚೋದು ಎರಡೂ ಪಿಸ್ಟನ್ನೇ. ಅದರ ಕೆಳಗಿನ ಅಂಚು ತೂತನ್ನ ದಾಟಿದಾಗ ದಾರಿ ತೆರೆಯುತ್ತೆ. ವಾಪಸ್ ಇಳಿಯುವಾಗ ಅದೇ ಜಾಗದಲ್ಲಿ ಮುಚ್ಚುತ್ತೆ. ಪಿಸ್ಟನ್ ಪೂರ್ತಿ ಮೇಲೆ ಹೋಗೋ ಮೊದಲು 70 ಡಿಗ್ರಿಗೆ ತೆರೆದರೆ, ಮೇಲಿಂದ ಇಳಿದ ಮೇಲೆ 70 ಡಿಗ್ರಿಗೇ ಮುಚ್ಚಬೇಕು. ಬೇರೆ ದಾರಿ ಇಲ್ಲ. ಜಾಸ್ತಿ ಹೊತ್ತು ತೆರೆದಿಡೋಣ ಅಂತ ತೂತು ದೊಡ್ಡದು ಮಾಡಿದರೆ, ಒಳಗೆ ಬಂದ ಮಾಲು, ಅಂದರೆ ಗಾಳಿ ಪೆಟ್ರೋಲ್ ಮಿಶ್ರಣ, ಇಳಿಯೋ ಪಿಸ್ಟನ್ ಒತ್ತಡಕ್ಕೆ ಕಾರ್ಬೊರೇಟರಿನಿಂದ ವಾಪಸ್ ಉಗಿಯುತ್ತೆ. ಹಾಗೆ ತೂತು ಕೊರೆಸಿದ ಗಾಡಿಗಳ ಏರ್ ಫಿಲ್ಟರ್ ಮುಟ್ಟಿ ನೋಡಿ, ಪೆಟ್ರೋಲ್ ಆಯಿಲಿನಲ್ಲಿ ನೆಂದು ಜಿಡ್ಡಾಗಿರುತ್ತೆ.

ಡಿಸ್ಕ್ ವಾಲ್ವ್ ಈ ಕಟ್ಟನ್ನ ಬಿಡಿಸುತ್ತೆ. ಕ್ರ್ಯಾಂಕಿನ ತುದಿಗೆ ತೆಳ್ಳಗಿನ ಸ್ಟೀಲ್ ತಟ್ಟೆ. ಅದರ ಅಂಚಿನಲ್ಲಿ ಒಂದು ಭಾಗ ಕತ್ತರಿಸಿರುತ್ತಾರೆ. ತಟ್ಟೆ ಕ್ರ್ಯಾಂಕ್ ಜೊತೆಗೇ ಸುತ್ತುತ್ತೆ. ಕತ್ತರಿಸಿದ ಭಾಗ ಕಾರ್ಬೊರೇಟರ್ ಬಾಯಿಗೆ ಬಂದಾಗ ದಾರಿ ತೆರೆಯುತ್ತೆ, ದಾಟಿದ ಕೂಡಲೇ ಮುಚ್ಚುತ್ತೆ. ಬೇಗ ತೆರೆಯಬಹುದು, ಉಗಿಯೋ ಮೊದಲೇ ಮುಚ್ಚಬಹುದು. ಎಲ್ಲಿ ತೆರೆಯಬೇಕು, ಎಲ್ಲಿ ಮುಚ್ಚಬೇಕು ಅನ್ನೋದು ತಟ್ಟೆ ಕತ್ತರಿಸೋನ ಕೈಲಿ. ತಟ್ಟೆ ಇರೋದು ಕ್ರ್ಯಾಂಕಿನ ತುದಿಯಲ್ಲಿ, ಆದ್ದರಿಂದ ಕಾರ್ಬೊರೇಟರೂ ಪಕ್ಕಕ್ಕೇ ಬರಬೇಕು. ಹಾಂ, ಇದು ಕಾಡೆನ್ ಒಬ್ಬನ ತಲೆಯಿಂದ ಬಂದದ್ದಲ್ಲ. ಡಾನಿಯೆಲ್ ಝಿಮ್ಮರ್ಮನ್ ಅನ್ನೋ ಖಾಸಗಿ ರೇಸರ್ ತನ್ನ ಗಾಡಿಗೆ ಆಗಲೇ ಹಾಕಿಕೊಂಡಿದ್ದ. ಕಾಡೆನ್ ಅದನ್ನ ನೋಡಿ ತೆಗೆದುಕೊಂಡ.

ಎರಡನೇದು ಕೊಳವೆ. ಇದನ್ನ ನಿಧಾನಕ್ಕೆ ಓದು.

ಎಕ್ಸಾಸ್ಟ್ ಪೋರ್ಟ್, ಅಂದರೆ ಸಿಲಿಂಡರಿನಿಂದ ಹೊಗೆ ಹೊರಗೆ ಹೋಗೋ ತೂತು, ಬಾಯಿ ತೆರೆದ ಕ್ಷಣ ಒಳಗಿನ ಒತ್ತಡ ಒಂದು ಏಟಿನ ಹಾಗೆ ಕೊಳವೆಗೆ ನುಗ್ಗುತ್ತೆ. ಹೊಗೆ ಹೋಗೋದು ನಿಧಾನ, ಆ ಏಟಿನ ಅಲೆ ಹೋಗೋದು ಶಬ್ದದ ವೇಗದಲ್ಲಿ. ಕೊಳವೆ ಅಗಲ ಆಗೋ ಕಡೆ ತಲುಪಿದಾಗ ಆ ಅಲೆಯ ಒಂದು ಪಾಲು ತಲೆಕೆಳಗಾಗಿ, ಎಳೆಯೋ ಅಲೆಯಾಗಿ ಸಿಲಿಂಡರಿಗೆ ವಾಪಸ್ ಬರುತ್ತೆ. ಅದು ಬಂದು ಉಳಿದ ಹೊಗೆಯನ್ನ ಹೊರಗೆ ಎಳೆಯುತ್ತೆ. ಬರೀ ಹೊಗೆ ಅಲ್ಲ, ಕೆಳಗಿನಿಂದ ಆಗಷ್ಟೇ ಬಂದ ಹೊಸ ಮಾಲನ್ನೂ ಒಂದಿಷ್ಟು ಕೊಳವೆಗೆ ಎಳೆದುಕೊಂಡುಬಿಡುತ್ತೆ. ಸುಮ್ಮನೆ ಬಿಟ್ಟರೆ ಅದು ಸುಡದೇ ಹೊರಗೆ ಹೋಗುತ್ತೆ, ದುಡ್ಡು ದಂಡ. ಅಷ್ಟರಲ್ಲಿ ಮೊದಲ ಅಲೆಯ ಉಳಿದ ಪಾಲು ಮುಂದೆ ಹೋಗಿ ಕೊಳವೆ ಸಣ್ಣ ಆಗೋ ಕಡೆ ಹೊಡೆಯುತ್ತೆ. ಅಲ್ಲಿಂದ ಅದು ಒತ್ತೋ ಅಲೆಯಾಗಿಯೇ ಹಿಂತಿರುಗುತ್ತೆ. ಪೋರ್ಟ್ ಮುಚ್ಚೋಕೆ ಇನ್ನೇನು ಕ್ಷಣ ಇದೆ ಅನ್ನುವಾಗ ಬಂದು, ಹೊರಗೆ ಬಂದಿದ್ದ ಹೊಸ ಮಾಲನ್ನ ಒಳಕ್ಕೆ ದಬ್ಬುತ್ತೆ. ಸಿಟಿ ಬಸ್ ಫುಟ್‌ಬೋರ್ಡಲ್ಲಿ ನೇತಾಡೋರನ್ನ ಕಂಡಕ್ಟರ್ ಒಳಗೆ ದಬ್ಬಿ ಬಾಗಿಲು ಹಾಕ್ತಾನಲ್ಲ, ಹಾಗೆ. ಸಿಲಿಂಡರಿನಲ್ಲಿ ಹಿಡಿಯೋದಕ್ಕಿಂತ ಜಾಸ್ತಿ ತುಂಬಿತು. ಪಂಪ್ ಇಲ್ಲ, ಬೆಲ್ಟ್ ಇಲ್ಲ, ನಿಷೇಧಕ್ಕೂ ಸಿಗಲಿಲ್ಲ.

ನೀನು ಕಂಪ್ಯೂಟರಿನವನು, ಲೆಕ್ಕ ಮಾಡು. ಆ ಎಂಜಿನ್ ಪೂರ್ತಿ ಪವರ್ ಕೊಡುತ್ತಿದ್ದದ್ದು 10,800 ಆರ್‌ಪಿಎಂಗೆ. ಅಂದರೆ ಸೆಕೆಂಡಿಗೆ 180 ಸುತ್ತು, ಒಂದು ಸುತ್ತಿಗೆ ಐದೂವರೆ ಮಿಲಿಸೆಕೆಂಡ್. ಎಕ್ಸಾಸ್ಟ್ ತೆರೆದಿರೋದು ಸುತ್ತಿನ ಅರ್ಧಕ್ಕಿಂತ ಚೂರು ಜಾಸ್ತಿ ಅಂತ ಹಿಡಿದರೂ ಮೂರು ಮಿಲಿಸೆಕೆಂಡ್ ಅಷ್ಟೇ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ 500 ಮೀಟರ್ ಅಂದುಕೋ. ಮೂರು ಮಿಲಿಸೆಕೆಂಡಿನಲ್ಲಿ ಹೋಗಿ ಬರೋ ದೂರ ಒಂದೂವರೆ ಮೀಟರ್. ಹಾಗಾದರೆ ಅಲೆ ಬಡಿದು ತಿರುಗೋ ಜಾಗ ಸಿಲಿಂಡರಿನಿಂದ ಸುಮಾರು ಮುಕ್ಕಾಲು ಮೀಟರ್ ದೂರದಲ್ಲಿರಬೇಕು. ಮುಂದಿನ ಸಲ ಮ್ಯೂಸಿಯಂಗೆ ಹೋದಾಗ ಕಣ್ಣಳತೆ ಹಾಕಿ ನೋಡು.

ಇದರಲ್ಲೇ ಅದರ ಕಷ್ಟವೂ ಇದೆ. ಅದೇ ಎಂಜಿನ್ನನ್ನ ಅರ್ಧ ವೇಗದಲ್ಲಿ ಓಡಿಸಿದರೆ ಪೋರ್ಟ್ ಎರಡು ಪಟ್ಟು ಹೊತ್ತು ತೆರೆದಿರುತ್ತೆ. ಅಲೆ ಬೇಗ ಬಂದು ಬಡಿದು ಹೋಗಿಬಿಡುತ್ತೆ, ಆಮೇಲೆ ಮಾಲು ಮತ್ತೆ ಹೊರಗೆ. ಹಾಗಾಗಿ ಈ ಎಂಜಿನ್ನುಗಳು ಒಂದು ಸಣ್ಣ ಪಟ್ಟಿಯಲ್ಲಿ ಮಾತ್ರ ಹುಲಿ. ಆ ಪಟ್ಟಿಯಿಂದ ಕೆಳಗಿಳಿದರೆ ಹಾಲಿನವರ ಮೊಪೆಡ್ಡೂ ಹಿಂದೆ ಹಾಕುತ್ತೆ. ರೈಡರ್ ಕೆಲಸ ಏನು ಅಂದರೆ ಗೇರ್ ಬದಲಿಸುತ್ತಾ ಎಂಜಿನ್ನನ್ನ ಆ ಪಟ್ಟಿಯಲ್ಲೇ ಇಟ್ಟಿರೋದು.

ಮೂರನೇದನ್ನ ಮ್ಯೂಸಿಯಂನಲ್ಲಿ ನೋಡೋಕೆ ಆಗಲ್ಲ, ಬ್ಲಾಕ್ ಬಿಚ್ಚಬೇಕು. ಇಷ್ಟು ಪವರ್ ಬಂದಾಗ ಪಿಸ್ಟನ್ ತಲೆ ಬೇಯುತ್ತೆ, ಪಿಸ್ಟನ್ನಿಗೂ ಕನೆಕ್ಟಿಂಗ್ ರಾಡಿಗೂ ನಡುವಿನ ಸ್ಮಾಲ್ ಎಂಡ್ ಬೇರಿಂಗ್ ಒಣಗುತ್ತೆ. ಕಾಡೆನ್ ಪಿಸ್ಟನ್ ಗೋಡೆಯಲ್ಲಿ ಒಂದು ಕಿಟಕಿ ತೆಗೆದ. ಅದರ ಎದುರಿಗೆ ಸಿಲಿಂಡರಿನಲ್ಲಿ ಮೂರನೇ ಟ್ರಾನ್ಸ್‌ಫರ್ ಪೋರ್ಟ್, ಅಂದರೆ ಕೆಳಗಿನಿಂದ ಮಾಲು ಸಿಲಿಂಡರಿಗೆ ಬರೋ ದಾರಿ. ತಣ್ಣಗಿನ ಪೆಟ್ರೋಲ್ ಆಯಿಲ್ ಮಿಶ್ರಣ ಪಿಸ್ಟನ್ ತಲೆಯ ಕೆಳಗಿನಿಂದ, ಬೇರಿಂಗ್ ಸವರಿಕೊಂಡು ಮೇಲೆ ಹೋಗುತ್ತೆ. ತುಂಬೋಕೆ ಇನ್ನೊಂದು ದಾರಿಯೂ ಆಯಿತು, ತಂಪೂ ಆಯಿತು, ಎಣ್ಣೆಯೂ ಸಿಕ್ಕಿತು. ಈ ಕೆಲಸ ಬಲ್ಲವನಿಗೆ ಅದನ್ನ ನೋಡಿದರೆ ಹೊಟ್ಟೆಕಿಚ್ಚಾಗಬೇಕು. ನನಗೆ ಆಗುತ್ತೆ.

ಇವುಗಳಲ್ಲಿ ಒಂದೊಂದನ್ನೇ ತೆಗೆದು ಇನ್ನೊಂದು ಗಾಡಿಗೆ ಹಾಕಿದರೆ ಏನೂ ಆಗಲ್ಲ. ತಟ್ಟೆಯ ಕಟ್, ಪೋರ್ಟಿನ ಎತ್ತರ, ಕೊಳವೆಯ ಉದ್ದ, ಮೂರೂ ಒಂದೇ ಆರ್‌ಪಿಎಂಗೆ ಕೂಡಬೇಕು. ಕಾಡೆನ್ ಊಹೆ ಮಾಡುತ್ತಾ ಕೂರಲಿಲ್ಲ. ಕೊಳವೆಯೊಳಗಿನ ಅಲೆಯನ್ನ ಆಸಿಲೋಸ್ಕೋಪಿನ ಪರದೆ ಮೇಲೆ ನೋಡಿ ಉದ್ದ, ಕೋನ ತಿದ್ದಿದ. ಆರ್‌ಟಿ 125 ಅಂಗಡಿಯಿಂದ ಹೊರಗೆ ಬಂದಾಗ ಅದರ ಪವರ್ 5 ಎಚ್‌ಪಿ ಹತ್ತಿರ. ಅದೇ ಸಿಸಿಯಲ್ಲಿ 25ಕ್ಕೆ ಹೋದದ್ದು ಹೀಗೆ, ತಿದ್ದಿ ತಿದ್ದಿ.

ಕೆಮ್ನಿಟ್ಸ್_ಹುಡುಗ

ಅಂಕಲ್, ಇಷ್ಟು ಚೆನ್ನಾಗಿ ನಮ್ಮ ಕಾಲೇಜಲ್ಲೂ ಯಾರೂ ಹೇಳಿರಲಿಲ್ಲ. ಬಸ್ ಕಂಡಕ್ಟರ್ ಮಾತ್ರ ಮರೆಯಲ್ಲ.

ಅಲ್ಲಿ ಒಬ್ಬರು ವಯಸ್ಸಾದವರು ಗಾಡಿ ನೋಡುತ್ತಾ ನಿಂತಿದ್ದರು. ನನ್ನ ಅರ್ಧಂಬರ್ಧ ಜರ್ಮನ್‌ನಲ್ಲಿ ಮಾತಾಡಿಸಿದೆ. ಡೆಗ್ನರ್ ಅನ್ನೋ ಹೆಸರು ಹೇಳಿ ಕೈ ಆಡಿಸಿ ಮುಖ ತಿರುಗಿಸಿಬಿಟ್ಟರು. ಅವನು ಎಲ್ಲಾ ಕದ್ದುಕೊಂಡು ಜಪಾನಿಗೆ ಓಡಿಹೋದ ಅನ್ನೋ ಥರ. ಅದೇನು ಕಥೆ?

ಬೋರಿಂಗ್_ಅಂಗಡಿ_ಮೈಸೂರು

ಅವರ ಸಿಟ್ಟು ಅರ್ಥವಾಗುತ್ತೆ ಬಿಡು. ಅರವತ್ತು ವರ್ಷ ದಾಟಿದರೂ ಆರಿಲ್ಲ ಅಂದರೆ ಎಷ್ಟು ನೋವಾಗಿರಬೇಕು.

ಎರ್ನ್ಸ್ಟ್ ಡೆಗ್ನರ್ ಎಂಜೆಡ್‌ನ ಮುಖ್ಯ ರೈಡರ್. ಬರೀ ಗಾಡಿ ಓಡಿಸೋನಲ್ಲ, ಎಂಜಿನ್ ಕೆಲಸವೂ ಗೊತ್ತಿದ್ದವನು. 1961ರಲ್ಲಿ 125 ಸಿಸಿ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅವನೇ ಮುಂದಿದ್ದ. ಸೆಪ್ಟೆಂಬರ್ ಮೊದಲಲ್ಲಿ ಇಟಲಿಯ ಮೊನ್ಜಾದಲ್ಲಿ ಗೆದ್ದ. ಮುಂದಿನ ರೇಸ್ ಸ್ವೀಡನ್ನಿನ ಕ್ರಿಸ್ಟಿಯನ್‌ಸ್ಟಾಡ್‌ನಲ್ಲಿ, ಸೆಪ್ಟೆಂಬರ್ 17ಕ್ಕೆ. ನೆನಪಿಟ್ಟುಕೋ, ಬರ್ಲಿನ್ ಗೋಡೆ ಕಟ್ಟೋಕೆ ಶುರು ಮಾಡಿದ್ದು ಅದೇ ವರ್ಷ ಆಗಸ್ಟ್ 13ರಂದು. ಚೋಪಾವ್ ಇದ್ದದ್ದು ಪೂರ್ವ ಜರ್ಮನಿಯಲ್ಲಿ, ಅಲ್ಲಿಂದ ಹೊರಗೆ ಹೋಗೋ ಬಾಗಿಲು ಆಗಷ್ಟೇ ಮುಚ್ಚಿತ್ತು.

ಸ್ವೀಡನ್ನಿನಲ್ಲಿ ಅವನ ಎಂಜಿನ್ ಕೈಕೊಟ್ಟಿತು. ರೇಸ್ ಬಿಟ್ಟವನು ಊರಿಗೆ ವಾಪಸ್ ಹೋಗಲಿಲ್ಲ. ಡೆನ್ಮಾರ್ಕ್ ದಾಟಿ ಪಶ್ಚಿಮ ಜರ್ಮನಿ ಸೇರಿದ. ಅದೇ ಹೊತ್ತಿಗೆ ಅವನ ಹೆಂಡತಿ ಮಕ್ಕಳನ್ನ ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಿದರು. ಅಲ್ಲಿಂದ ಅವನು ಸುಝುಕಿಯವರ ಹಮಮತ್ಸುಗೆ ಹೋದ. ಆ ವರ್ಷದ ವಿಶ್ವ ಪಟ್ಟ, ಹೋಂಡಾ ಓಡಿಸುತ್ತಿದ್ದ ಟಾಮ್ ಫಿಲಿಸ್ ಪಾಲಾಯಿತು.

ಮುಂದಿನದು ನೋಡು. 1960ರಿಂದ ಐಲ್ ಆಫ್ ಮ್ಯಾನ್‌ಗೆ ಬಂದು ಸುಝುಕಿಯವರು ಬರಿಗೈಲಿ ಹೋಗುತ್ತಿದ್ದರು. 1962ರಲ್ಲಿ 50 ಸಿಸಿ ಕ್ಲಾಸಿಗೆ ಮೊದಲ ಸಲ ವಿಶ್ವ ಚಾಂಪಿಯನ್‌ಷಿಪ್ ಇಟ್ಟರು. ಗೆದ್ದದ್ದು ಸುಝುಕಿ, ಓಡಿಸಿದ್ದು ಡೆಗ್ನರ್. ಟೂ ಸ್ಟ್ರೋಕಿಗೆ ಸಿಕ್ಕ ಮೊದಲ ವಿಶ್ವ ಪಟ್ಟ ಅದು. ಚೋಪಾವಿಗೆ ಬರಬೇಕಾಗಿದ್ದು. ಎಂಜೆಡ್‌ಗೆ ಕೊನೆವರೆಗೂ ಒಂದೂ ವಿಶ್ವ ಪಟ್ಟ ಬರಲಿಲ್ಲ.

ಇದನ್ನ ಬರೀ ಕಳ್ಳತನ ಅಂತ ಮುಗಿಸಿಬಿಡೋರ ಮಾತು ನಾನು ಪೂರ್ತಿ ಒಪ್ಪಲ್ಲ. ಡೆಗ್ನರ್ ತಲೆಯಲ್ಲಿ ಹೊತ್ತುಕೊಂಡು ಹೋದದ್ದು ಚಿಕ್ಕದಲ್ಲ, ನಿಜ. ಆದರೆ ಯಾರ ಕೈಗಾದರೂ ಒಂದು ನಕ್ಷೆ ಕೊಟ್ಟರೆ 25 ಎಚ್‌ಪಿ ಬರೋದಿಲ್ಲ. ಆ ಬೇರಿಂಗ್ ಮಾಡೋಕೆ ಒಳ್ಳೇ ಸ್ಟೀಲ್ ಬೇಕು, ಪಿಸ್ಟನ್‌ಗೆ ಒಳ್ಳೇ ಎರಕ ಬೇಕು, ಮುರಿದರೆ ಮರುದಿನ ಇನ್ನೊಂದು ಬೇಕು. ಜಪಾನಿನವರ ಹತ್ತಿರ ಅದೆಲ್ಲ ಇತ್ತು, ಜೊತೆಗೆ ದುಡ್ಡು. ಕಾಡೆನ್ ಹತ್ತಿರ ಇದ್ದದ್ದು ಬೆರಳೆಣಿಕೆ ಜನ, ಸಣ್ಣ ಷೆಡ್ಡು. ಆದರೂ ಅವನು ಬಿಡಲಿಲ್ಲ. 1963ರಲ್ಲಿ ಮೈಕ್ ಹೈಲ್‌ವುಡ್ ಅಂಥ ದೊಡ್ಡ ರೈಡರ್ ಒಂದು ರೇಸಿಗೆ ಎಂಜೆಡ್ 250 ಹತ್ತಿದ. ನಿಮ್ಮ ಕೆಮ್ನಿಟ್ಸ್ ಪಕ್ಕದ ಸಾಕ್ಸನ್‌ರಿಂಗ್‌ನಲ್ಲೇ, ಊರವರ ಕಣ್ಣೆದುರಿಗೇ ಗೆದ್ದ.

ಡೆಗ್ನರ್ ಕೂಡ ಸುಖವಾಗಿ ಇರಲಿಲ್ಲ. 1963ರಲ್ಲಿ ಜಪಾನಿನ ಸುಝುಕಾ ಟ್ರ್ಯಾಕಿನಲ್ಲಿ ಬಿದ್ದು, ಪೆಟ್ರೋಲ್ ಹೊತ್ತಿಕೊಂಡು ಮೈ ಸುಟ್ಟಿತು. ಎಫ್1 ನೋಡೋರಿಗೆ ಸುಝುಕಾದ ಡೆಗ್ನರ್ ಕರ್ವ್ ಗೊತ್ತಿರುತ್ತೆ, ಆ ಹೆಸರು ಇವನದೇ. 1983ರಲ್ಲಿ ತೀರಿಕೊಂಡ.

ಇನ್ನೊಂದು ಮಾತು. ಯಮಹಾದವರು 1955ರಲ್ಲಿ ಮಾಡಿದ ಮೊಟ್ಟಮೊದಲ ಬೈಕ್ ವೈಎ-1 ಇದೆಯಲ್ಲ, ಅದು ಇದೇ ಡಿಕೆಡಬ್ಲ್ಯೂ ಆರ್‌ಟಿ 125 ನೋಡಿ ಮಾಡಿದ್ದು. ಇಂಗ್ಲೆಂಡಿನ ಬಿಎಸ್‌ಎ ಬ್ಯಾಂಟಮ್ ಕೂಡ ಅದನ್ನೇ ನೋಡಿ ಮಾಡಿದ್ದು. ಹಾಸನದವರೇ, ನಿಮ್ಮ ಆರ್‌ಎಕ್ಸ್ ವಂಶದ ಬೇರು ಹುಡುಕಿಕೊಂಡು ಹೋದರೆ ಅದೂ ಚೋಪಾವಿಗೇ ಹೋಗುತ್ತೆ.

ನಾಲ್ಕು_ವಾಲ್ವ್_ಮಂಗಳೂರು

ಬೋರಿಂಗ್ ಅಂಗಡಿಯವರು ಟೂ ಸ್ಟ್ರೋಕ್ ಭಕ್ತರು ಅಂತ ಗೊತ್ತು. ಆದರೂ ಹೋಂಡಾ ಹೆಸರು ಬರೀ ಒಂದು ಸಾಲಿನಲ್ಲಿ ಹೇಳಿ ದಾಟಿಸಿಬಿಟ್ಟಿರಲ್ಲ ಮಾರಾಯ್ರೆ!

ಟೂ ಸ್ಟ್ರೋಕ್ ಪ್ರತಿ ಸುತ್ತಿಗೂ ಒಂದು ಸಲ ಸಿಡಿಯುತ್ತೆ, ಫೋರ್ ಸ್ಟ್ರೋಕ್ ಎರಡು ಸುತ್ತಿಗೆ ಒಂದು ಸಲ. ಹಾಗಾದರೆ ಸರಿಸಮ ಬರಬೇಕಾದರೆ ಫೋರ್ ಸ್ಟ್ರೋಕ್ ಜಾಸ್ತಿ ಸುತ್ತಬೇಕು. ಜಾಸ್ತಿ ಸುತ್ತಬೇಕಾದರೆ ಪಿಸ್ಟನ್, ವಾಲ್ವ್ ಎಲ್ಲ ಚಿಕ್ಕದಾಗಿ ಹಗುರ ಇರಬೇಕು. ಹೋಂಡಾದವರು ಇದನ್ನ ಕೊನೇವರೆಗೂ ಎಳೆದುಕೊಂಡು ಹೋದರು. ಆರ್‌ಸಿ 149 ಅಂತ 125 ಸಿಸಿ ಗಾಡಿಗೆ ಐದು ಸಿಲಿಂಡರ್! ಒಂದೊಂದು 25 ಸಿಸಿ. ಬೋರ್ 35.5 ಮಿಲಿಮೀಟರ್, ಸ್ಟ್ರೋಕ್ 25.1. ಇಪ್ಪತ್ತು ಸಾವಿರದ ಮೇಲೆ ಆರ್‌ಪಿಎಂ. 1966ರಲ್ಲಿ ಲುಯಿಜಿ ತವೇರಿ ಅದರಲ್ಲೇ ಚಾಂಪಿಯನ್. ಆ ಕಡೆ 250ರಲ್ಲಿ ಆರು ಸಿಲಿಂಡರಿನ ಆರ್‌ಸಿ 166, 24 ವಾಲ್ವ್, 18,000 ಆರ್‌ಪಿಎಂಗೆ 60 ಎಚ್‌ಪಿ. 1966, 1967 ಎರಡೂ ವರ್ಷ ನಿಮ್ಮ ಅದೇ ಹೈಲ್‌ವುಡ್ ಗೆದ್ದದ್ದು.

ಅದರ ಶಬ್ದ ಒಮ್ಮೆ ಯೂಟ್ಯೂಬಲ್ಲಿ ಕೇಳಿ. ನಿಮ್ಮ ಟೂ ಸ್ಟ್ರೋಕ್ ಗೊರಗೊರ ಎಲ್ಲ ಮರೆತುಹೋಗುತ್ತೆ.

ಬೋರಿಂಗ್_ಅಂಗಡಿ_ಮೈಸೂರು

ಮಂಗಳೂರಿನವರೇ, ಶಬ್ದದ ವಿಷಯದಲ್ಲಿ ನಾನು ಸೋತೆ. ಆರು ಸಿಲಿಂಡರ್ ಹೋಂಡಾ ಕೂಗಿದರೆ ಎದುರು ಮಾತಿಲ್ಲ. ಆ ಗಾಡಿಗಳ ಕುಸುರಿ ಕೆಲಸವೂ ಹಾಗೇ. 25 ಸಿಸಿ ಸಿಲಿಂಡರಿಗೆ ನಾಲ್ಕು ವಾಲ್ವ್ ಕೂರಿಸೋನ ಕೈ ಎಂಥದ್ದಿರಬೇಕು.

ಆದರೆ ಲೆಕ್ಕ ಲೆಕ್ಕವೇ. ಆರ್‌ಸಿ 166ರದ್ದು ಲೀಟರಿಗೆ 240 ಎಚ್‌ಪಿ. ಸುಝುಕಿಯವರ 1967ರ 50 ಸಿಸಿ ಟ್ವಿನ್ ಕೊಡುತ್ತಿದ್ದದ್ದು ಹದಿನೇಳೂವರೆ ಎಚ್‌ಪಿ. ಲೀಟರಿಗೆ 350. ಪವರ್ ಪಟ್ಟಿ ಎಷ್ಟು ಸಣ್ಣದು ಅಂದರೆ ಅದಕ್ಕೆ 14 ಗೇರ್ ಹಾಕಿದ್ದರು. ಹದಿನಾಲ್ಕು! ಎಡಗಾಲಿಗೆ ಓವರ್‌ಟೈಂ ಕೊಡಬೇಕಿತ್ತು. ಕೊನೆಗೆ ಬೈಕ್ ರೇಸಿನ ನಿಯಮ ಮಾಡೋ ಎಫ್‌ಐಎಂ ಸಂಸ್ಥೆಯವರಿಗೇ ಸಾಕಾಗಿ ಸಿಲಿಂಡರ್ ಇಷ್ಟೇ, ಗೇರ್ ಆರೇ ಅಂತ ಕಟ್ಟು ಹಾಕಿದರು. 50ಕ್ಕೆ ಒಂದೇ ಸಿಲಿಂಡರ್, 125ಕ್ಕೂ 250ಕ್ಕೂ ಎರಡು. ಆಮೇಲೆ ಆ ಕ್ಲಾಸುಗಳಲ್ಲಿ ಟೂ ಸ್ಟ್ರೋಕ್ ಬಿಟ್ಟು ಬೇರೆ ಯಾವುದೂ ನಿಲ್ಲಲಿಲ್ಲ.

ಡಿಸ್ಕ್ ವಾಲ್ವಿನ ಒಂದು ಕಿರಿಕಿರಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಸಿಲಿಂಡರಿಗೆ ಸರಿ. ಎರಡಕ್ಕೆ ಕ್ರ್ಯಾಂಕಿನ ಎರಡು ತುದಿಗೂ ತಟ್ಟೆ, ಎರಡೂ ಪಕ್ಕಕ್ಕೆ ಕಾರ್ಬೊರೇಟರ್. ಎಂಜಿನ್ ಎಮ್ಮೆಯಷ್ಟು ಅಗಲ ಆಗುತ್ತೆ. ಸಾಲಾಗಿ ನಾಲ್ಕು ಇಟ್ಟರೆ ನಡುವಿನ ಎರಡಕ್ಕೆ ತಟ್ಟೆ ಹಾಕೋಕೆ ಜಾಗವೇ ಇಲ್ಲ. ಸುಝುಕಿಯವರು ಅದಕ್ಕೇ ಆರ್‌ಜಿ 500ರಲ್ಲಿ ನಾಲ್ಕು ಸಿಲಿಂಡರನ್ನ ಚೌಕಕ್ಕೆ ಇಟ್ಟರು, ಮುಂದೆ ಎರಡು, ಹಿಂದೆ ಎರಡು. ಆಗ ಪ್ರತಿಯೊಂದಕ್ಕೂ ಒಂದು ಹೊರಗಿನ ಪಕ್ಕ ಸಿಗುತ್ತೆ. ಬ್ಯಾರಿ ಶೀನ್ 1976, 1977ರಲ್ಲಿ ಅದರ ಮೇಲೇ 500 ಸಿಸಿ ಚಾಂಪಿಯನ್ ಆದ. ನಮ್ಮ ರಸ್ತೆ ಗಾಡಿಗಳಿಗೆ, ಆರ್‌ಡಿ 350 ಇರಲಿ ಆರ್‌ಎಕ್ಸ್ ಇರಲಿ, ಯಮಹಾದವರು ಈ ರಗಳೆಯೇ ಬೇಡ ಅಂತ ರೀಡ್ ವಾಲ್ವ್ ಹಾಕಿದರು. ಒಳಗೆ ಎಳೆತ ಬಂದಾಗ ತಾನೇ ಬಾಯಿ ಬಿಡೋ, ಒತ್ತಡ ಬಂದಾಗ ತಾನೇ ಮುಚ್ಚಿಕೊಳ್ಳೋ ತೆಳು ಪಟ್ಟಿ. ರೇಸಿಗೆ ಡಿಸ್ಕ್ ಚೆಂದ, ಮಾರ್ಕೆಟ್ಟಿಗೆ ಹೋಗಿ ತರಕಾರಿ ತರೋದಕ್ಕೆ ರೀಡ್ ವಾಲ್ವೇ ಸರಿ.

ಆರ್‌ಎಕ್ಸ್_ಹಾಸನ

ಅಣ್ಣಾ, ಎಲ್ಲಾ ಓದಿದೆ. ವಿಡಿಯೋ ಕಳಿಸಿದವನಿಗೆ ಇದನ್ನ ಫಾರ್ವರ್ಡ್ ಮಾಡಿದ್ದೀನಿ. ನನ್ನ ಬ್ಯಾಫಲ್ ಪ್ರಶ್ನೆ ಮಾತ್ರ ಹಾಗೇ ಉಳೀತು. ತೆಗೀಲಾ ಬೇಡ್ವಾ? ಮತ್ತೆ ಆನ್‌ಲೈನಲ್ಲಿ ಸಿಗೋ ಚೇಂಬರ್ ತರಿಸಿ ಹಾಕಿದರೆ ಹೇಗೆ? ಪೋರ್ಟ್ ಸ್ವಲ್ಪ ಉಜ್ಜಿಸೋಣ ಅಂತಾನೂ ಇದೆ.

ಬೋರಿಂಗ್_ಅಂಗಡಿ_ಮೈಸೂರು

ಬೇಡ.

ನಿಮ್ಮ ಆರ್‌ಎಕ್ಸ್ ಸೈಲೆನ್ಸರಿನ ಒಳಗೂ ಅದೇ ಲೆಕ್ಕದ ಹೊಟ್ಟೆ ಇದೆ. ಹೊರಗೆ ನೀಟಾಗಿ ಕಾಣಲಿ ಅಂತ ಕ್ರೋಮ್ ತಗಡು ಹೊದಿಸಿದ್ದಾರೆ ಅಷ್ಟೇ. 98 ಸಿಸಿಯಿಂದ 11 ಎಚ್‌ಪಿ, 7,500 ಆರ್‌ಪಿಎಂಗೆ. ಲೀಟರಿಗೆ 112. ಕೆಮ್ನಿಟ್ಸ್ ತಮ್ಮನ ಅಪ್ಪನ ಜಾವಾದ ಎರಡು ಪಟ್ಟಿಗಿಂತ ಜಾಸ್ತಿ. ಅದು ಸುಮ್ನೆ ಬಂದಿಲ್ಲ. ಹಿಂದಿನ ಸಣ್ಣ ಬಾಯಿ ಎಷ್ಟು ಸಣ್ಣ ಇರಬೇಕು ಅನ್ನೋದೂ ಲೆಕ್ಕದ್ದೇ. ಒಳಗೆ ಎಷ್ಟು ಒತ್ತಡ ನಿಲ್ಲಬೇಕು ಅನ್ನೋದನ್ನ ಅದು ತೀರ್ಮಾನ ಮಾಡುತ್ತೆ. ಬ್ಯಾಫಲ್ ಕಿತ್ತರೆ ಶಬ್ದ ಜಾಸ್ತಿ ಆಗುತ್ತೆ, ಕೆಳಗಿನ ಎಳೆತ ಕಮ್ಮಿ ಆಗುತ್ತೆ. ಕಿವಿಗೆ ಮಾತ್ರ ಫಾಸ್ಟ್ ಅನ್ನಿಸುತ್ತೆ. ಮಿಕ್ಸ್ಚರ್ ಒಣಗಿದರೆ, ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಬರದಿದ್ದರೆ, ಪಿಸ್ಟನ್ ಸೀಜ್, ಆಮೇಲೆ ಬ್ಲಾಕ್ ಹಿಡಿದುಕೊಂಡು ನನ್ನಂಥೋರ ಅಂಗಡಿಗೇ ಬರಬೇಕು. ನನಗೆ ಒಳ್ಳೇದೇ ಅನ್ನಿ.

ಪೋರ್ಟ್ ಉಜ್ಜಿಸೋದು ಅಂದಿರಲ್ಲ. ಹೋದ ಮಳೆಗಾಲ ಒಬ್ಬ ಹುಡುಗ ಬ್ಲಾಕ್ ತಂದಿದ್ದ. ಯಾರೋ ಎಕ್ಸಾಸ್ಟ್ ಪೋರ್ಟನ್ನ ಕೈ ಅರದಲ್ಲಿ ಎರಡೂ ಪಕ್ಕಕ್ಕೆ ಅಗಲ ಮಾಡಿದ್ದರು. ಅಂಚು ಹಾಗೇ ಚೂಪು ಬಿಟ್ಟಿದ್ದರು. ಪಿಸ್ಟನ್ ರಿಂಗ್ ಆ ಅಗಲದಲ್ಲಿ ಉಬ್ಬಿ ಹೊರಗೆ ಬಂದು ಅಂಚಿಗೆ ಸಿಕ್ಕಿ ಮುರಿದಿತ್ತು. ಬೋರಿನ ಉದ್ದಕ್ಕೂ ಮೂರು ಗೀರು, ಉಗುರು ಇಳಿಯುವಷ್ಟು ಆಳ. ರಿಂಗಿನ ಚೂರು ಪಿಸ್ಟನ್ ತಲೆಗೆ ಚುಚ್ಚಿಕೊಂಡು ನಿಂತಿತ್ತು. ಕೊನೇ ಓವರ್‌ಸೈಜ್ ಪಿಸ್ಟನ್ನಿಗೆ ಬೋರ್ ಮಾಡಿದರೂ ಒಂದು ಗೀರು ಹೋಗಲಿಲ್ಲ. ಹೊಸ ಸ್ಲೀವ್ ಹಾಕಬೇಕಾಯಿತು.

ಚೇಂಬರ್ ಹಾಕಲೇಬೇಕು ಅಂತಿದ್ದರೆ ಅದು ಯಾವ ಆರ್‌ಪಿಎಂಗೆ ಮಾಡಿದ್ದು ಅಂತ ಕೇಳಿ. ಮಾರೋನಿಗೆ ಉತ್ತರ ಗೊತ್ತಿಲ್ಲದಿದ್ದರೆ ಅದು ಬರೀ ತಗಡು. ಹಾಸನ ಪೇಟೆಯೊಳಗೆ ಓಡಿಸೋಕೆ ಕಂಪನಿ ಸೈಲೆನ್ಸರಿಗಿಂತ ಒಳ್ಳೇದು ಸಿಗಲ್ಲ.

ಪಿಕಪ್ ಇಲ್ಲ ಅನ್ನೋದು ನಿಜ ಇದ್ದರೆ ಮೊದಲು ಕರಿ ತೆಗೆಸಿ. ಆಯಿಲ್ ಜಾಸ್ತಿ ಹಾಕಿ ಓಡಿಸಿದ ಸೈಲೆನ್ಸರ್ ಒಳಗೆ ಗಟ್ಟಿ ಕರಿ ಕಟ್ಟಿ ದಾರಿ ಅರ್ಧ ಆಗಿರುತ್ತೆ. ಬ್ಯಾಫಲ್ ಹೊರಗೆ ತೆಗೆದು ಸುಟ್ಟು, ವೈರ್ ಬ್ರಷ್‌ನಲ್ಲಿ ಉಜ್ಜಿ ವಾಪಸ್ ಹಾಕಿ. ಸೈಲೆನ್ಸರಿಗೆ ಕಾಸ್ಟಿಕ್ ಸೋಡಾ ನೀರು ತುಂಬಿ ಒಂದು ರಾತ್ರಿ ಬಿಟ್ಟು ಚೆನ್ನಾಗಿ ತೊಳೆಯಿರಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಕಣ್ಣು ಜೋಪಾನ. ಆ ನೀರು ಬ್ಲಾಕಿಗೂ ಹೆಡ್ಡಿಗೂ ತಾಗಬಾರದು, ಅಲ್ಯೂಮಿನಿಯಂ ತಿಂದುಹಾಕುತ್ತೆ. ಎಕ್ಸಾಸ್ಟ್ ಪೋರ್ಟಿನ ಕರಿಯನ್ನ ಪಿಸ್ಟನ್ ಕೆಳಗಿಳಿಸಿ ಮರದ ಕಡ್ಡಿಯಲ್ಲಿ ಕೆರೆಯಿರಿ, ಸ್ಕ್ರೂಡ್ರೈವರ್ ಬೇಡ. ಆಮೇಲೆ ಸೈಲೆನ್ಸರ್ ಬುಡಕ್ಕೆ ಹೊಸ ಗ್ಯಾಸ್ಕೆಟ್ ಹಾಕಿ. ಅಲ್ಲಿ ಲೀಕ್ ಇದ್ದರೆ ಇಷ್ಟು ಹೊತ್ತು ಹೇಳಿದ ಅಲೆ ಗಿಲೆ ಯಾವುದೂ ಕೆಲಸ ಮಾಡಲ್ಲ. ಇಷ್ಟಾದ ಮೇಲೆ ಹತ್ತು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ ಫೋಟೋ ಹಾಕಿ. ಬಣ್ಣ ನೋಡಿ ಕಾರ್ಬೊರೇಟರಿನ ಜೆಟ್ (ಪೆಟ್ರೋಲ್ ಬರೋ ಸಣ್ಣ ತೂತು) ವಿಷಯ ಹೇಳ್ತೀನಿ.